ಬೀರುವಿನೊಳಗೆ ಬೀಗ ಹಾಕಿಟ್ಟ 31 ಬ್ರಷ್: ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಹೊಲಿಗೆ ಅಂಗಡಿಯವಳು. ನಮ್ಮೂರಿನ ಅನಾಥಾಶ್ರಮದ ಮಕ್ಕಳಿಗೆ ಆರು ವರ್ಷದಿಂದ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ಭಾನುವಾರ ಹೋಗಿ ತಲೆಗೆ ಎಣ್ಣೆ ಹಚ್ಚಿ ಬರುತ್ತೇನೆ. ಆ ಮಕ್ಕಳ ಹಲ್ಲಿನ ವಿಷಯಕ್ಕೆ ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸೀಲ್ ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಅಲ್ಲಿನ ಬಚ್ಚಲ ಕಿಟಕಿಯಲ್ಲಿ ಒಂದು ಪ್ಲಾಸ್ಟಿಕ್ ಮಗ್ ಇದೆ. ಮಕ್ಕಳು 31, ಮಗ್ಗಿನಲ್ಲಿ ಬ್ರಷ್ 19. ಎಲ್ಲಾ ಒಂದೇ ಹಸಿರು, ಹಳೇ ಪೊರಕೆ ಥರ ಕೆದರಿಕೊಂಡಿವೆ. ಯಾವುದು ಯಾರದ್ದೋ, ಕೈಗೆ ಸಿಕ್ಕಿದ್ದು ಬಾಯಿಗೆ. ತಡವಾಗಿ ಎದ್ದವರಿಗೆ ಬೆರಳು, ಹಲ್ಲುಪುಡಿ. ರಾತ್ರಿ ಉಜ್ಜೋ ಮಾತಂತೂ ಕೇಳಲೇಬೇಡಿ, ಎಂಟಕ್ಕೆ ಬಚ್ಚಲಿಗೆ ಬೀಗ. ಆದರೆ ದಾನಿಗಳ ಮನೆಯ ಹುಟ್ಟುಹಬ್ಬಕ್ಕೆ ಬರವಿಲ್ಲ. ಕೆಲವು ವಾರ ಮೂರು ಮೂರು ಕೇಕ್. ಮಕ್ಕಳು ಚಾಕೊಲೇಟ್ ಬಾಯಲ್ಲಿಟ್ಟುಕೊಂಡೇ ಮಲಗುತ್ತವೆ. ಪ್ರೀತಿಯಿಂದ ತರುತ್ತಾರೆ, ಬಯ್ಯೋಕೆ ಮನಸ್ಸು ಬರಲ್ಲ. ಬ್ರಷ್ ಕೊಟ್ಟು ಫೋಟೊ ತೆಗೆಸಿಕೊಳ್ಳೋಕೆ ಯಾರಿಗೆ ತಾನೇ ಇಷ್ಟ?

ಹೋದ ವರ್ಷ ಒಂಬತ್ತು ವರ್ಷದ ಹುಡುಗನೊಬ್ಬ ಕೆನ್ನೆ ಮುಟ್ಟಗೊಡಲಿಲ್ಲ. ಊದಿತ್ತು. 'ಹಾಲುಹಲ್ಲು ಕಣಮ್ಮ, ಬಿದ್ದುಹೋಗುತ್ತೆ' ಅಂತ ಮೇಲ್ವಿಚಾರಕರು ಲವಂಗ ಕೊಟ್ಟು ಸುಮ್ಮನಾದರು. ನಾನೂ ನಂಬಿದೆ. ಆಮೇಲೆ ಡಾಕ್ಟರ್ ಹೇಳಿದ್ದು, ಆರು ವರ್ಷದ ಹೊತ್ತಿಗೆ ಬರುವ ದವಡೆಹಲ್ಲಂತೆ ಅದು, ಯಾವ ಹಲ್ಲೂ ಬೀಳದೆ ಹಿಂದುಗಡೆ ಸುಮ್ನೆ ಬಂದುಬಿಡುವುದರಿಂದ ಎಲ್ಲರೂ ಹಾಲುಹಲ್ಲು ಅಂದುಕೊಳ್ಳುತ್ತಾರಂತೆ, ಹೋದರೆ ಮತ್ತೆ ಬರಲ್ಲವಂತೆ. ಹೋಯಿತು. ಕೀಳಿಸಿದೆವು. ಮದುವೆ ಸೀಸನ್‌ನಲ್ಲಿ ಎರಡು ದಿನ ಅಂಗಡಿ ಮುಚ್ಚಿ ಅವನನ್ನು ಓಡಾಡಿಸಿದ್ದು ನಾನು. ಬ್ಲೌಸ್ ಟೈಮಿಗೆ ಸಿಗಲಿಲ್ಲ ಅಂತ ಒಬ್ಬ ಗಿರಾಕಿ ಇವತ್ತಿಗೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಇರಲಿ ಬಿಡಿ.

ಆವತ್ತೇ 31 ಬ್ರಷ್ ತಂದೆ. ಒಂದೊಂದರ ಹಿಡಿಗೆ ಒಂದೊಂದು ಬಣ್ಣದ ದಾರ ಸುತ್ತಿದೆ. ಬಣ್ಣ ಸಾಲದೆ ಕೆಲವಕ್ಕೆ ಎರಡೆರಡು. ಮೂರೇ ದಿನಕ್ಕೆ ಚಿಕ್ಕವಕ್ಕೂ ತಮ್ಮ ಬ್ರಷ್ ಗೊತ್ತಾಯಿತು.

ಅಷ್ಟರಲ್ಲಿ ನೀವು ತಪಾಸಣೆಗೆ ಬಂದಿರಿ. ದಾರ ಸುತ್ತಿದ್ದು ಚೆನ್ನಾಗಿ ಕಾಣಲ್ಲ ಅಂತ ಆಶ್ರಮದವರು ಅವನ್ನೆಲ್ಲ ಕಸಕ್ಕೆ ಹಾಕಿದರು. ಕವರ್ ಕೂಡ ಬಿಚ್ಚದ ಹೊಸ ಬ್ರಷ್‌ಗಳನ್ನು ಮಂಚಕ್ಕೊಂದರಂತೆ ಇಟ್ಟರು. ನೀವು ನೋಡಿ 'ವೆರಿ ಗುಡ್' ಅಂದಿರಿ. ನಿಮ್ಮ ಜೀಪು ಬಸ್ ಸ್ಟ್ಯಾಂಡ್ ದಾಟಿತ್ತೋ ಇಲ್ಲವೋ, ಬ್ರಷ್ ಎಲ್ಲ ಬೀರು ಸೇರಿದವು. ಹಳೇ ಮಗ್ ಮತ್ತೆ ಕಿಟಕಿಗೆ ಬಂತು. ಭಾನುವಾರ ಒಬ್ಬಳು ಪುಟ್ಟಿ ಕೇಳಿದಳು, 'ಅಕ್ಕಾ, ಸಾಹೇಬ್ರು ಮತ್ತೆ ಯಾವಾಗ ಬರ್ತಾರೆ? ಬ್ರಷ್ ಬೇಕಿತ್ತು.'

ಏನು ಹೇಳಲಿ ಸರ್?

ನಿಯಮ ನಿಮಗೆ ನಾನು ಹೇಳಿಕೊಡಬೇಕಾ? 2015ರ ಬಾಲನ್ಯಾಯ ಕಾಯ್ದೆ, 2016ರ ಮಾದರಿ ನಿಯಮ ನಿಮ್ಮ ಮೇಜಿನ ಮೇಲೇ ಇರುತ್ತವೆ. ಪ್ರತಿ ತಿಂಗಳು ಪ್ರತಿ ಮಗುವಿನ ಆರೋಗ್ಯ ತಪಾಸಣೆ ಆಗಬೇಕು ಅಂತ ಆ ನಿಯಮದಲ್ಲಿದೆ. ರಿಜಿಸ್ಟರಿನಲ್ಲಿ ತೂಕ, ಎತ್ತರ ಎಲ್ಲ ಚೊಕ್ಕವಾಗಿದೆ. ಬಾಯಿ ತೆರೆಸಿ ನೋಡಿದವರಿಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆಂದೇ ಸರ್ಕಾರ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ ಅಲ್ವಾ?

ನಾನು ಕೇಳುತ್ತಿರುವುದು ಜಾಸ್ತಿ ಏನಲ್ಲ. ಮಗುವಿಗೊಂದು ಬ್ರಷ್, ಅದರ ಮೇಲೆ ಹೆಸರು. ಮೂರು ತಿಂಗಳಿಗೊಮ್ಮೆ ಹೊಸದು. ಫ್ಲೋರೈಡ್ ಇರುವ ಪೇಸ್ಟ್. ಊಟವಾದ ಮೇಲೆ ಬಚ್ಚಲ ಬಾಗಿಲು ತೆರೆದಿರಲಿ, ಉಜ್ಜೋದು ಹೇಗೆ ಅಂತ ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಲಿ. ಆರು ತಿಂಗಳಿಗೊಮ್ಮೆ ದಂತವೈದ್ಯರು ಬರಲಿ, ಬ್ಯಾನರ್ ಇಲ್ಲದೆ. ಇದ್ಯಾವುದೂ ಆಗಲ್ಲ ಅಂದರೆ ಮಗುವಿಗೊಂದು ಬ್ರಷ್ ಆದರೂ ಕೊಡಿಸಿ ಸರ್. ಹೊಸದಾಗಿ ಕೊಳ್ಳೋದೂ ಬೇಡ, ಬೀರುವಿನಲ್ಲೇ ಇವೆ. ಬೀಗದ ಕೈ ಆಫೀಸ್ ರೂಮಿನ ಮೊಳೆಗೆ ನೇತುಹಾಕಿದೆ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಹೊಲಿಗೆಯವಳು