ಮಗ್ಗ ನಿಲ್ಲಿಸಿದವರಿಗೆ, ಫೋನು ಬಿಟ್ಟುಕೊಟ್ಟವರಿಗೆ

ಇಳಕಲ್ಲಿನ ಪಾಲಕರಿಗೂ ಓಣಿಯ ಹಿರಿಯರಿಗೂ ಶಿಕ್ಷಕರೆಲ್ಲರ ಶರಣು.

ಕೊರೊನಾದಿಂದ ಶಾಲೆ ಮುಚ್ಚಿದಾಗ ಪಾಠ ಫೋನಿಗೆ ಬಂತು. 2021ರ ಜುಲೈ 19 ಮತ್ತು 22ಕ್ಕೆ ಎಸ್ಸೆಸ್ಸೆಲ್ಸಿ ಮುಗಿಯಿತು. ಆರು ವಿಷಯ ಎರಡೇ ದಿನದಲ್ಲಿ, ವಿಷಯಕ್ಕೆ 40 ಪ್ರಶ್ನೆ, ಉತ್ತರವೆಲ್ಲ ಓಎಂಆರ್ ಹಾಳೆಯ ಮೇಲೆ, ಅಂದರೆ ಸರಿಯುತ್ತರದ ವೃತ್ತ ತುಂಬುವುದಷ್ಟೇ. ಮಕ್ಕಳು ಬರೆದು ಬಂದರು.

ಮೊದಲ ನಮಸ್ಕಾರ ನೇಕಾರರಿಗೆ. ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ, ಇರುವ ಮನೆಯಲ್ಲೇ ಹುಡುಗಿ ಫೋನಿನ ಪಾಠಕ್ಕೆ ಕೂಡಬೇಕು. ಒಂದು ಮೈಕ್ ತೆರೆದಿದ್ದರೂ ಸಾಕು, ಲಾಳಿಯ ಸಪ್ಪಳ ಇಡೀ ತರಗತಿಗೆ ಕೇಳುತ್ತದೆ. ಮ್ಯೂಟ್ ಮಾಡಿಸಿದರೆ ಆಕೆ ಉತ್ತರ ಹೇಳುವಂತಿಲ್ಲ. ನೀವು ಸಂಜೆ ಅರ್ಧ ತಾಸು ಮಗ್ಗ ನಿಲ್ಲಿಸಿದಿರಿ. ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ಅದು ಸಣ್ಣ ಮಾತಲ್ಲ.

ಹಗಲೆಲ್ಲ ಫೋನು ಯಜಮಾನರ ಕಿಸೆಯಲ್ಲಿ. ಅದಕ್ಕೇ ನೇರ ಪಾಠ ಕಡಿಮೆ ಮಾಡಿ, ಸಂಜೆ ಏಳಕ್ಕೆ ವಾಟ್ಸಾಪ್‌ಗೆ ವಿಡಿಯೋ ಹಾಕತೊಡಗಿದೆವು. ಆಗ ಅಲ್ಲಿ ವಿಡಿಯೋಗೆ 16 ಎಂಬಿ ಮಿತಿಯಿತ್ತು. ಮೂರು ಮೂರು ನಿಮಿಷದ ತುಂಡು ಮಾಡಿದರೆ ಹೋಗುತ್ತಿತ್ತು, ನೆಟ್‌ವರ್ಕ್ ಕೈಕೊಟ್ಟರೂ ಒಂದು ತುಂಡಷ್ಟೇ ಮತ್ತೆ ಇಳಿಸಬೇಕಿತ್ತು. ಕರಿಹಲಗೆಯ ಮೇಲೆ ಬೆಳಕು ಹೊಳೆದು ಅಕ್ಷರ ಕಾಣುತ್ತಿರಲಿಲ್ಲ. “ಹಲಗಿ ಬಿಡ್ರಿ ಸರ, ಹಾಳಿ ಮ್ಯಾಲ ಬರೀರಿ” ಎಂದವನು ಬಜಾರಿನ ಮೊಬೈಲ್ ಅಂಗಡಿಯ ಹುಡುಗ. ಎರಡು ಸ್ಟೀಲ್ ಡಬ್ಬಿ, ಅವುಗಳ ಮೇಲೆ ಅಡ್ಡಕ್ಕೆ ಅಡಿಪಟ್ಟಿ, ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಫೋನು, ಕೆಳಗೆ ಬಿಳಿ ಹಾಳೆ. ಕಿಟಕಿ ಎಡಗಡೆ ಇರಬೇಕು, ಇಲ್ಲವಾದರೆ ಬರೆಯುವ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಸ್ಕೆಚ್ ಪೆನ್ನಿನಲ್ಲಿ ಹಾಳೆಗೆ ನಾಲ್ಕೇ ಸಾಲು. ವೃತ್ತಕ್ಕೆ ಸ್ಪರ್ಶಕ ಎಳೆಯುವುದಂತೂ ಹಲಗೆಗಿಂತ ಇದರಲ್ಲೇ ಚೆಂದ ಕಂಡಿತು!

ಹೋಮ್‌ವರ್ಕಿನ ಫೋಟೋ ಗುಂಪಿಗೆ ಬಂದರೆ ಮೊದಲ ಹುಡುಗನ ತಪ್ಪು ಎಲ್ಲರ ನೋಟ್‌ಬುಕ್ಕಿನಲ್ಲೂ ಕಾಣುತ್ತದೆ. ಆಯಾ ಶಿಕ್ಷಕರ ನಂಬರಿಗೇ ಕಳಿಸಿ ಅಂದೆವು. ರಾತ್ರಿ ಹತ್ತರವರೆಗೂ ಬೇಸರಿಸದೆ ಕಳಿಸಿದ ಅಕ್ಕಂದಿರಿಗೆ ಧನ್ಯವಾದ.

ಫೋನೇ ಇಲ್ಲದವರಿಗೆ 2020ರ ಆಗಸ್ಟಿನಲ್ಲಿ ವಿದ್ಯಾಗಮ, ಅಂದರೆ ಶಿಕ್ಷಕರೇ ಓಣಿಗೆ ಬಂದು ಕಲಿಸುವ ಸರ್ಕಾರದ ಯೋಜನೆ, ಬಂತು, ಗುಡಿಯ ಕಟ್ಟೆ ಶಾಲೆಯಾಯಿತು. ಅಕ್ಟೋಬರಿನಲ್ಲಿ ಅದೂ ನಿಂತಾಗ, ಚಂದನ ವಾಹಿನಿಯ ಪಾಠಕ್ಕೆ ಪಕ್ಕದ ಮನೆಯ ಮಕ್ಕಳನ್ನೂ ಕರೆದು ಕೂಡಿಸಿದವರು ನೀವು.

ಹಳೆಯ ಫೋನು ಎರವಲು ಕೊಟ್ಟವರು ಬಂದು ಒಯ್ಯಬಹುದು. ಮಕ್ಕಳ ಫೋಟೋ ಅಳಿಸಿ, ಚಾರ್ಜರಿಗೆ ಹೆಸರಿನ ಚೀಟಿ ಅಂಟಿಸಿ ಆಫೀಸಿನಲ್ಲಿಟ್ಟಿದ್ದೇವೆ. ಚಾರ್ಜಿಗೆ ಹಾಕಿಕೊಂಡೇ ವಿಡಿಯೋ ನೋಡಿ ಒಂದೆರಡರ ಬ್ಯಾಟರಿ ಉಬ್ಬಿದೆ. ಅವಕ್ಕೆ ಕೆಂಪು ಚೀಟಿ. ಬ್ಯಾಟರಿ ಬದಲಿಸುವ ತನಕ ಚಾರ್ಜಿಗೆ ಹಾಕಬೇಡಿರಿ.