ಬಿ ಫಾರಂ ಕೊಡುವವಳು ನೀನು

ಸನಿವೇಲ್, ಕ್ಯಾಲಿಫೋರ್ನಿಯಾ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೌರತ್ವದ ಪ್ರಮಾಣಪತ್ರ ಹಿಡಿದು ನಿಂತ ನಿನ್ನ ಫೋಟೋ ಬಂತು. ನಿನ್ನ ದೊಡ್ಡಮ್ಮ ಅದನ್ನು ಮೈಸೂರಿನವರಿಗೆಲ್ಲ ಕಳಿಸಿಯೂ ಆಯಿತು. ಅದರ ಹಿಂದೆಯೇ ನಿನ್ನ ಪ್ರಶ್ನೆ: "2028ರ ಪ್ರೈಮರಿಯಲ್ಲಿ ಯಾರಿಗೆ ಹಾಕಲಿ ದೊಡ್ಡಪ್ಪ? ಗೆಲ್ಲೋರು ಯಾರು ಅಂತ ಹೇಳಿ, ಅವರಿಗೇ ಹಾಕ್ತೀನಿ." ಆ ಎರಡನೇ ಮಾತು ಓದಿ ಫೋನ್ ಕೆಳಗಿಟ್ಟು ಕಾಗದ ತೆಗೆದುಕೊಂಡೆ.

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಊರಿನಲ್ಲಿ ಬೇಕಾದಷ್ಟು ನೋಡಿದ್ದೀಯ. ಆದರೆ ಪ್ರೈಮರಿ ಎಂದರೆ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ. ಅಲ್ಲಿ ಯಾವ ಎತ್ತೂ ಇನ್ನೂ ಗೆದ್ದಿರುವುದಿಲ್ಲ. ಕಣದಲ್ಲಿ ಧೂಳು ಮಾತ್ರ. ಹಿಡಿಯಲು ಬಾಲವಾದರೂ ಎಲ್ಲಿ?

ನಮ್ಮಲ್ಲಿ ಬಿ ಫಾರಂ ಯಾರಿಗೆ ಎನ್ನುವುದು ಹೈಕಮಾಂಡ್ ಮನೆಯಲ್ಲಿ ತೀರ್ಮಾನವಾಗುತ್ತದೆ. ಇಲ್ಲೂ ಬಹುಕಾಲ ಹೆಚ್ಚುಕಡಿಮೆ ಹಾಗೇ ಇತ್ತು. 1968ರಲ್ಲಿ ಆಗಿನ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಯಾವ ಪ್ರೈಮರಿಯ ಅಖಾಡಕ್ಕೂ ಇಳಿಯದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಪಕ್ಷದ ಶಿಕಾಗೋ ಸಮಾವೇಶದ ಹೊರಗೆ ಪೊಲೀಸರು ಪ್ರತಿಭಟಿಸುತ್ತಿದ್ದ ಹುಡುಗರನ್ನು ಬಡಿದರು, ನವೆಂಬರಿನಲ್ಲಿ ರಿಪಬ್ಲಿಕನ್ ನಿಕ್ಸನ್ ಗೆದ್ದರು. ಆ ಅವಮಾನದ ಮೇಲೆ ನಿಯಮಗಳು ಬದಲಾಗಿ ಬಿ ಫಾರಂ ಬರೆಯುವ ಪೆನ್ನು ಮತದಾರನ ಕೈಗೆ ಬಂತು. ಈಗ ಅದು ನಿನ್ನ ಕೈಗೂ ಬಂದಿದೆ. ಅದನ್ನು ಹಿಡಿದುಕೊಂಡು "ಪಕ್ಕದವರು ಯಾರ ಹೆಸರು ಬರೀತಾರೆ?" ಎಂದು ಕೇಳುತ್ತಿದ್ದೀಯಲ್ಲೇ!

ನಾನು ನನ್ನ ಪೆನ್ನಿನ ಶಾಯಿ ಹೇಗೆ ಚೆಲ್ಲಿಕೊಂಡೆ ಅಂತ ಹೇಳುತ್ತೇನೆ, ಕೇಳು.

2019ರ ಜನವರಿಯಲ್ಲಿ ಕಮಲಾ ಹ್ಯಾರಿಸ್ ಓಕ್ಲೆಂಡಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಉಮೇದುವಾರಿಕೆ ಸಾರಿದರು. ತಾಯಿ ಶ್ಯಾಮಲಾ ಗೋಪಾಲನ್, ಮದರಾಸಿನ ಕಡೆಯವರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂಭ್ರಮವೋ ಸಂಭ್ರಮ; ಇಡ್ಲಿ ತಿಂದು ಬೆಳೆದವಳು ಅನ್ನುವುದೇ ಅರ್ಹತೆಯಾಗಿಬಿಟ್ಟಿತು. ನಾನೂ ಕುಣಿದೆ. ಜೂನಿನಲ್ಲಿ ಮಯಾಮಿಯ ಚರ್ಚೆಯಲ್ಲಿ, ಬರ್ಕ್‌ಲಿಯ ಶಾಲೆಗೆ, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದಲೆಂದು ಬಿಟ್ಟ ಬಸ್ಸಿನಲ್ಲಿ ಹೋಗುತ್ತಿದ್ದ ಆ ಪುಟ್ಟ ಹುಡುಗಿ ನಾನೇ ಎಂದು, ಹಿಂದೆ ಅದನ್ನು ಕೇಂದ್ರ ಕಡ್ಡಾಯ ಮಾಡುವುದನ್ನು ವಿರೋಧಿಸಿದ್ದ ಜೋ ಬೈಡನ್ ಮುಖಕ್ಕೇ ಹೇಳಿದಾಗ ನಾನು ಸೋಫಾದಿಂದ ಎದ್ದು ನಿಂತಿದ್ದೆ. ಅದೇ ಮಾತು ಅಚ್ಚಾದ ಟೀಶರ್ಟು ಕೂಡಲೇ ಮಾರಾಟಕ್ಕೆ ಬಂತು. ಆದರೆ ಆಮೇಲೆ ಪತ್ರಕರ್ತರು "ಹಾಗಾದರೆ ಇವತ್ತು ಕೇಂದ್ರ ಸರ್ಕಾರವೇ ಅಂಥ ಬಸ್ ವ್ಯವಸ್ಥೆಯನ್ನು ಕಡ್ಡಾಯ ಮಾಡಬೇಕೇ?" ಎಂದು ಕೇಳಿದರೆ, ಉತ್ತರ ತಿರುಗಿ ತಿರುಗಿ ಹೆಚ್ಚುಕಡಿಮೆ ಬೈಡನ್ ನಿಂತ ಜಾಗಕ್ಕೇ ಬಂದು ನಿಂತಿತು. ಖಾಸಗಿ ಆರೋಗ್ಯ ವಿಮೆಯ ವಿಷಯದಲ್ಲೂ ಅಷ್ಟೇ. ಒಮ್ಮೆ ತೆಗೆದುಹಾಕೋಣ, ಇನ್ನೊಮ್ಮೆ ಪ್ರಶ್ನೆ ಬೇರೆ ರೀತಿ ಕೇಳಿಸಿತು, ಮತ್ತೊಮ್ಮೆ ಹತ್ತು ವರ್ಷ ತೆಗೆದುಕೊಂಡು ನಿಧಾನಕ್ಕೆ ಬದಲಾಯಿಸೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಡಿಸೆಂಬರ್ 3ರಂದು, ಒಬ್ಬರೂ ಮತ ಹಾಕುವ ಮೊದಲೇ, ದುಡ್ಡಿಲ್ಲವೆಂದು ಹಿಂದೆ ಸರಿದರು. ಜಾಣೆಯಲ್ಲ ಎನ್ನುತ್ತಿಲ್ಲ, ಸರ್ಕಾರಿ ವಕೀಲೆಯಾಗಿ ಬೇರೆಯವರನ್ನು ಪ್ರಶ್ನಿಸುವಾಗ ಇದ್ದ ಮೊನಚು, ತನಗೇನು ಬೇಕು ಎಂದು ಹೇಳುವಾಗ ಇರಲಿಲ್ಲ. ನಾನು ಅದನ್ನು ಆರು ತಿಂಗಳು ಕಂಡೂ ಕಾಣದವನಂತಿದ್ದೆ. ಇಡ್ಲಿಯ ಹಬೆ ಕನ್ನಡಕಕ್ಕೆ ಹಿಡಿದಿತ್ತು.

ಆಮೇಲೆ ಅದೇ ಪಕ್ಷದ ಇನ್ನೊಬ್ಬ ಸ್ಪರ್ಧಿ ಏಮಿ ಕ್ಲೋಬಚಾರ್ ಕಡೆ ವಾಲಿದೆ. ಮಿನಿಯಾಪೊಲಿಸ್‌ನಲ್ಲಿ ಸುರಿಯುವ ಹಿಮದಲ್ಲಿ ನಿಂತು, ತಲೆಯ ಮೇಲೆ ಹಿಮ ಕೂರುತ್ತಿದ್ದರೂ ಭಾಷಣ ನಿಲ್ಲಿಸದೆ ಸ್ಪರ್ಧೆ ಘೋಷಿಸಿದ ಹೆಂಗಸು. ನ್ಯೂ ಹ್ಯಾಂಪ್‌ಶೈರಿನಲ್ಲಿ ಮೂರನೆಯ ಸ್ಥಾನ ಬಂದದ್ದೇ ತಡ, ನಾನು ಅಂಚೆಯ ಮತಪತ್ರ ತುಂಬಿ ಕಳಿಸಿಬಿಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಮತದಾನ ಇದ್ದದ್ದು 2020ರ ಮಾರ್ಚ್ 3ಕ್ಕೆ. ಮಾರ್ಚ್ 2ಕ್ಕೆ ಆಕೆ ಹಿಂದೆ ಸರಿದು, ಡಲ್ಲಾಸಿನಲ್ಲಿ ಬೈಡನ್ ಪಕ್ಕ ನಿಂತು ಕೈ ಎತ್ತಿದರು! ಕಳಿಸಿದ ಲಕೋಟೆಯನ್ನು ವಾಪಸು ಕೇಳುವ ಹಾಗಿಲ್ಲ. ಹಿಂದಿನ ದಿನವೇ ಸರಿದಿದ್ದ ಪೀಟ್ ಬೂಟಜಜ್‌ಗೆ ಹಾಕಿ ಕೂತಿದ್ದವರ ಕಥೆಯೂ ಇದೇ. ಮತ ಎಣಿಕೆಯೇನೋ ಆಯಿತು, ಆದರೆ ಶೇಕಡಾ 15 ದಾಟದವರಿಗೆ, ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ಒಬ್ಬರೂ ಸಿಗುವುದಿಲ್ಲ ಎನ್ನುವುದು ಆ ಪಕ್ಷದ ನಿಯಮ.

ಅಂದಿನಿಂದ ನನಗೆ ಒಂದು ಚಟ ಹತ್ತಿದೆ. ಅಭ್ಯರ್ಥಿಗಳು ಗೆಲ್ಲುವಾಗ ಟಿವಿ ಆರಿಸುತ್ತೇನೆ, ಸೋಲುವಾಗ ಹಾಕುತ್ತೇನೆ. ಗೆದ್ದವರ ಭಾಷಣಗಳೆಲ್ಲ ಒಂದೇ ಥರ. ಸೋತ ರಾತ್ರಿ ಮನುಷ್ಯ ಏನು ಮಾಡುತ್ತಾನೆ, ಅದು ಭಾಷಣ ಬರೆಯುವವರ ಕೈಯಲ್ಲಿರುವುದಿಲ್ಲ.

2020ರಲ್ಲಿ ಮೊದಲು ಮತ ಹಾಕಿದ ಎರಡು ರಾಜ್ಯಗಳಲ್ಲಿ ಬೈಡನ್ ಸೋತರು: ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರಿನಲ್ಲಿ ಐದನೆಯವರು. 1988ರ ಸ್ಪರ್ಧೆಯಿಂದ ಬೇರೆಯವರ ಭಾಷಣ ಕದ್ದ ಆರೋಪ ಹೊತ್ತು ಸರಿದವರು, 2008ರಲ್ಲಿ ಅಯೋವಾದಲ್ಲೇ ಮಣ್ಣು ಮುಕ್ಕಿದವರು. ಅಂಥವರು ಐದನೆಯ ಸ್ಥಾನ ಬಂದ ರಾತ್ರಿ, ಫಲಿತಾಂಶಕ್ಕೂ ಕಾಯದೆ ದಕ್ಷಿಣ ಕೆರೊಲಿನಾಕ್ಕೆ ವಿಮಾನ ಹತ್ತಿದರು. ತನ್ನನ್ನು ಬಲ್ಲ ಜನ ಎಲ್ಲಿದ್ದಾರೆಂದು ಗೊತ್ತಿತ್ತು. ಅಲ್ಲಿಯ ಸಂಸದ ಜಿಮ್ ಕ್ಲೈಬರ್ನ್ ಬೆಂಬಲ ಸಾರಿದರು, ಕಪ್ಪುಜನರ ಮತ ಕೈಹಿಡಿಯಿತು, ಮೂರು ಸಲದ ಪ್ರಯತ್ನದಲ್ಲಿ ಮೊದಲ ಬಾರಿಗೆ ಒಂದು ರಾಜ್ಯ ಗೆದ್ದರು. ಮೂರು ದಿನದ ಮೇಲೆ ಹದಿನಾಲ್ಕರಲ್ಲಿ ಹತ್ತು ರಾಜ್ಯ. ಆ ಜನರೂ "ಟ್ರಂಪ್‌ನನ್ನು ಯಾರು ಸೋಲಿಸಬಲ್ಲರು" ಎಂದೇ ಲೆಕ್ಕ ಹಾಕಿದ್ದರು, ಅದು ಬಾಲ ಹಿಡಿದದ್ದಲ್ಲವೇ ಎಂದು ನೀನು ಕೇಳಬಹುದು. ಅಲ್ಲ ಕಣೇ. ಬಿದ್ದಿದ್ದ ಎತ್ತನ್ನು ಎತ್ತಿ ನಿಲ್ಲಿಸಿದ್ದು ಅದು.

ಬೂಟಜಜ್ ಬುದ್ಧಿವಂತ, ಮಾತು ಬೆಣ್ಣೆ. ಆದರೆ ಅಯೋವಾದಲ್ಲಿ ಎಣಿಕೆ ಕಳಿಸುವ ಆ್ಯಪ್ ಕೆಟ್ಟು ಫಲಿತಾಂಶವೇ ಬರದ ರಾತ್ರಿ ಗೆದ್ದೆ ಎಂದು ಭಾಷಣ ಬಿಗಿದರಲ್ಲ, ಕೂಸು ಹುಟ್ಟುವ ಮುನ್ನ ಕುಲಾವಿ. ಎಲಿಜಬೆತ್ ವಾರನ್ ಬಳಿ ಎಲ್ಲಕ್ಕೂ ಒಂದು ಯೋಜನೆ ಇತ್ತು, ಸ್ವಂತ ಮ್ಯಾಸಚೂಸೆಟ್ಸ್‌ನಲ್ಲಿ ಮೂರನೆಯ ಸ್ಥಾನಕ್ಕೆ ಬಿದ್ದರೆ ಏನು ಮಾಡುವುದು ಎನ್ನುವುದಕ್ಕೆ ಬಿಟ್ಟು. ಮೈಕೆಲ್ ಬ್ಲೂಮ್‌ಬರ್ಗ್ ನೂರು ಕೋಟಿ ಡಾಲರ್ ಮೀರಿ ಸುರಿದು ಗೆದ್ದದ್ದು ಅಮೆರಿಕನ್ ಸಮೋವಾ ಒಂದನ್ನೇ. ಅವರ ಬಗ್ಗೆ ಇಷ್ಟು ಸಾಕು. ಬರ್ನಿ ಸ್ಯಾಂಡರ್ಸ್ ಹೇಳುವ ಎಲ್ಲವನ್ನೂ ನಾನು ಒಪ್ಪುವುದಿಲ್ಲ, ಸೆನೆಟ್‌ನಲ್ಲಿ ಮತ ಎಲ್ಲಿಂದ ತರುತ್ತೀರಿ ಎಂದರೆ ಕೈ ಬೀಸುತ್ತಾರೆ. ಆದರೆ ಏಪ್ರಿಲಿನಲ್ಲಿ ಸೋಲೊಪ್ಪಿ ಐದೇ ದಿನಕ್ಕೆ ಬೈಡನ್‌ಗೆ ಬೆಂಬಲ ಕೊಟ್ಟು, ಆಮೇಲೆ ಇಬ್ಬರ ಕಡೆಯವರೂ ಕೂತು ಕಾರ್ಯಕ್ರಮ ರೂಪಿಸುವ ಸಮಿತಿಗಳನ್ನು ಮಾಡಿಕೊಂಡರು. ಸೋತೂ ಬರಿಗೈಯಲ್ಲಿ ಹೋಗಲಿಲ್ಲ.

2024ರಲ್ಲಿ ರಿಪಬ್ಲಿಕನ್ ಕಡೆ ಭಾರತ ಮೂಲದ ನಮ್ಮವರು ಇಬ್ಬರಾದರು: ನಿಕ್ಕಿ ಹೇಲಿ, ವಿವೇಕ್ ರಾಮಸ್ವಾಮಿ. ವೇದಿಕೆಯ ಮೇಲೆ ಇಬ್ಬರೂ ಕಚ್ಚಾಡಿದ್ದೇ ಕಚ್ಚಾಡಿದ್ದು, ವಾಟ್ಸಾಪ್ ಗುಂಪಿಗೆ ಯಾರಿಗೆ ಚಪ್ಪಾಳೆ ಎಂದು ತಿಳಿಯದೆ ಎರಡು ದಿನ ಮೌನ. ರಾಮಸ್ವಾಮಿ ಎದುರಾಳಿಯನ್ನು ಹೊಗಳುತ್ತಲೇ ಸ್ಪರ್ಧಿಸಿ, ಅಯೋವಾದಲ್ಲಿ ನಾಲ್ಕನೆಯವರಾದ ರಾತ್ರಿಯೇ ಟ್ರಂಪ್ ಪಾಳಯ ಸೇರಿದರು. ಹೇಲಿ ಬೇರೆ. ತಾವೇ ಗವರ್ನರ್ ಆಗಿದ್ದ ದಕ್ಷಿಣ ಕೆರೊಲಿನಾದಲ್ಲಿ ಸುಮಾರು 20 ಅಂಕಗಳಿಂದ ಸೋತರೂ ನಿಂತರು, ವಾಷಿಂಗ್ಟನ್ ನಗರ, ವರ್ಮಾಂಟ್ ಗೆದ್ದರು, ಸರಿಯುವಾಗ ಬೆಂಬಲ ಕೊಡಲಿಲ್ಲ. ಭೇಷ್ ಎಂದಿದ್ದೆ. ಜುಲೈನಲ್ಲಿ ಪಕ್ಷದ ಮಿಲ್ವಾಕೀ ಸಮಾವೇಶಕ್ಕೆ ಹೋಗಿ ಟ್ರಂಪ್‌ಗೆ ಅದನ್ನೂ ಕೊಟ್ಟರು. ನನ್ನ ಭೇಷ್ ವಾಪಸು.

ಅದೇ ಜುಲೈನಲ್ಲಿ ಬೈಡನ್ ಸರಿದು, ಪ್ರೈಮರಿಯಲ್ಲಿ ನಿಲ್ಲದೆಯೇ ಕಮಲಾ ಅಭ್ಯರ್ಥಿಯಾದರು. ದೊಡ್ಡಮ್ಮ ಪಾಯಸ ಮಾಡಿದಳು. ನನಗೆ ಮಾತ್ರ ಹಂಫ್ರಿ ನೆನಪಾಗಿ ಗಂಟಲಲ್ಲಿ ಇಳಿಯಲಿಲ್ಲ. ಪ್ರೈಮರಿಯಲ್ಲಿ ಸೋತು ಗಟ್ಟಿಯಾಗುವ ಅವಕಾಶವನ್ನು ಪಕ್ಷ ಆಕೆಗೆ ಎರಡನೇ ಸಲ ಕೊಡಲೇ ಇಲ್ಲ.

ಇನ್ನು ಕೆಲಸದ ಮಾತು. ಮತದಾರರ ನೋಂದಣಿ ಅರ್ಜಿಯಲ್ಲಿ ಯಾವ ಪಕ್ಷವೂ ಬೇಡವೆಂದರೆ 'ನೋ ಪಾರ್ಟಿ ಪ್ರಿಫರೆನ್ಸ್' ಗುರುತು ಹಾಕು. ಅಲ್ಲೇ 'ಅಮೆರಿಕನ್ ಇಂಡಿಪೆಂಡೆಂಟ್' ಅಂತಲೂ ಒಂದಿದೆ. ಸ್ವತಂತ್ರ ಮತದಾರರೆಂದು ತಿಳಿದು ಎಷ್ಟೋ ಜನ ಅದಕ್ಕೆ ಗುರುತು ಹಾಕಿ ಬಲಪಂಥದ ಒಂದು ಪುಟ್ಟ ಪಕ್ಷದ ಸದಸ್ಯರಾಗಿ ಕೂತಿದ್ದಾರೆ! ಪಕ್ಷವಿಲ್ಲದವರಿಗೆ ತಾನಾಗಿ ಬರುವ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಹೆಸರುಗಳೇ ಇರುವುದಿಲ್ಲ. 2020ರಲ್ಲಿ ಡೆಮಾಕ್ರಟಿಕ್ ಮತಪತ್ರವನ್ನು ನಾನು ಕೇಳಿ ತರಿಸಿಕೊಂಡೆ. ರಿಪಬ್ಲಿಕನ್ನರು ಸದಸ್ಯರಲ್ಲದವರಿಗೆ ಕೊಡಲಿಲ್ಲ. 2028ಕ್ಕೆ ಯಾವ ಪಕ್ಷದ ಬಾಗಿಲು ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸು.

ಲಕೋಟೆ ಬಂದಾಗ ಹಾಕಲು ಅವಸರ ಬೇಡ. ದೊಡ್ಡಮ್ಮ 2020ರಲ್ಲಿ ತನ್ನದನ್ನು ಫ್ರಿಜ್ ಮೇಲೆ ಮ್ಯಾಗ್ನೆಟ್ ಹಚ್ಚಿ ಒಂದು ತಿಂಗಳು ಇಟ್ಟಿದ್ದಳು. ಸೋಮಾರಿತನ ಎಂದು ನಕ್ಕಿದ್ದೆ. ಮಾರ್ಚ್ 3ರ ಸಂಜೆ ಅಡುಗೆ ಮುಗಿಸಿ, ಕೈ ಒರೆಸಿಕೊಂಡು, ಊಟದ ಮೇಜಿನ ಮೇಲೇ ತುಂಬಿ, ನಡೆದು ಹೋಗಿ ಡಬ್ಬಕ್ಕೆ ಹಾಕಿ ಬಂದಳು. ಯಾರಿಗೆ ಹಾಕಿದೆ ಎಂದು ಕೇಳಿದೆ. ಇವತ್ತಿಗೂ ಕೇಳುತ್ತಿದ್ದೇನೆ. "ಮಜ್ಜಿಗೆ ಬೇಕಾ?" ಅನ್ನುತ್ತಾಳೆ.

ಇಂತು ನಿನ್ನ
ದೊಡ್ಡಪ್ಪ