ಹಲ್ಲಿನ ಸೆಟ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಾಟುಂಗ, ಡೊಂಬಿವಲಿ ಕಡೆಯ ನಮ್ಮ ಹಿರಿಯರು ಹಲವರು "ಸೆಟ್ ನಿಲ್ಲುತ್ತಿಲ್ಲ, ಯಾವ ಅಂಟು ಒಳ್ಳೆಯದು?" ಅಂತ ಕೇಳುತ್ತಿದ್ದೀರಿ. ಅಂಟು ತರುವ ಮೊದಲು ಬಾಯಿ ಒಣಗುತ್ತಿದೆಯಾ ನೋಡಿಕೊಳ್ಳಿ.

ಮೇಲಿನ ಸೆಟ್ಟನ್ನು ಹಿಡಿದಿಡುವುದರಲ್ಲಿ ಎಂಜಲಿನ ತೆಳು ಪದರದ ಪಾಲು ದೊಡ್ಡದು. ಅಲರ್ಜಿ, ಖಿನ್ನತೆ, ಬಿಪಿಯ ಕೆಲವು ಮಾತ್ರೆಗಳಿಂದ ಎಂಜಲು ಕಡಿಮೆಯಾಗುತ್ತದೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಮೆಡಿಕಲ್ ಅಂಗಡಿಯಲ್ಲಿ ಕೃತಕ ಎಂಜಲು ಸಿಗುತ್ತದೆ. ಆದರೆ ಒಂದೇ ಬಾಟಲಿ ಎಲ್ಲ ಸೆಟ್ಟುಗಳ ಮೇಲೂ ಒಂದೇ ಥರ ಹರಡುವುದಿಲ್ಲ. ತೊಳೆದು ಒರೆಸಿದ ಸೆಟ್ಟಿನ ಮೇಲೆ ಒಂದು ಹನಿ ಬಿಡಿ. ಗುಂಡಗೆ ಮಣಿಯಂತೆ ನಿಂತರೆ ಹೊಂದಾಣಿಕೆ ಕಡಿಮೆ, ಚಪ್ಪಟೆಯಾಗಿ ಹರಡಿದರೆ ಒಳ್ಳೆಯದು. ಲ್ಯಾಬಿನಲ್ಲಿ ಇದೇ ಹನಿಯ ಅಂಚಿನ ಕೋನ ಅಳೆಯುತ್ತಾರೆ. ಕೋನ ಕಡಿಮೆ ಇದ್ದಷ್ಟೂ ಮೇಲ್ಮೈ ಚೆನ್ನಾಗಿ ಒದ್ದೆಯಾಗುತ್ತದೆ. ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸೆಟ್ಟಿನ ಮೇಲೆ ಬರೀ ನೀರಿಗೆ ಆ ಕೋನ ಸುಮಾರು 70 ಡಿಗ್ರಿ. ಬಾಗುವ ನೈಲಾನ್, ಕೋಬಾಲ್ಟ್-ಕ್ರೋಮಿಯಂ ಲೋಹದ ಸೆಟ್ಟುಗಳ ಲೆಕ್ಕ ಬೇರೆ. ಪಾಲಿಶ್, ಬಳಕೆಯಿಂದಲೂ ಬದಲಾಗುತ್ತದೆ.

ಅದಕ್ಕೇ ಪಕ್ಕದ ಮನೆಯವರಿಗೆ ಒಗ್ಗಿದ್ದನ್ನೇ ಸುಮ್ನೆ ತರಬೇಡಿ. ನಿಮ್ಮ ಸೆಟ್ ಯಾವುದರದ್ದು ಅಂತ ದಂತವೈದ್ಯರನ್ನು ಕೇಳಿ. ಸ್ವಂತ ಹಲ್ಲೂ ಉಳಿದಿದ್ದರೆ ಹುಳಿ ಅಂಶದ ಕೃತಕ ಎಂಜಲು ಬೇಡ, ಹಲ್ಲು ಸವೆಯುತ್ತದೆ. ಸೆಟ್ಟೇ ಸಡಿಲವಾಗಿದ್ದರೆ ಯಾವ ಎಂಜಲೂ ಹಿಡಿದಿಡುವುದಿಲ್ಲ, ಅಳತೆ ಸರಿಮಾಡಿಸಲೇಬೇಕು.

ರಾತ್ರಿ ಅಕ್ರಿಲಿಕ್ ಸೆಟ್ಟನ್ನು ತಣ್ಣೀರಿನಲ್ಲೇ ಇಡಿ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಕೇಳುವುದಿದ್ದರೆ ಇಲ್ಲೇ ಬರೆಯಿರಿ, ಸಂಜೆ ಉತ್ತರಿಸುತ್ತೇನೆ.